ಕೋಲಾರದ ದೂಳಿನ ಲೆಕ್ಕ

ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಎಲ್ಲಿ ಎಂದು ವೈದ್ಯಕೀಯ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಕೋಲಾರದ ಚಿನ್ನದ ಗಣಿ, 1947 ಎಂದು ಥಟ್ಟನೆ ಹೇಳುತ್ತಾರೆ. ಪಠ್ಯಪುಸ್ತಕದಲ್ಲಿ ಅದು ಒಂದು ಸಾಲಿನ ವಿಷಯ, ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ. ಆ ಇಸವಿಯ ಹೊತ್ತಿಗೆ ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಕಾಲಿಟ್ಟು 67 ವರ್ಷವಾಗಿತ್ತು. ತಾತ, ಅಪ್ಪ, ಮಗ ಅಂತ ಮೂರು ತಲೆಮಾರು ಅದೇ ಶಾಫ್ಟುಗಳಲ್ಲಿ ಇಳಿದು ಹತ್ತಿ ಅದೇ ದೂಳನ್ನು ಉಸಿರಾಡಿದ್ದವು. ಹಾಗಾದರೆ ಅಷ್ಟು ವರ್ಷ ಆ ರೋಗ ಎಲ್ಲಿತ್ತು? ಅಲ್ಲೇ ಇತ್ತು, ಲೆಕ್ಕದ ಪುಸ್ತಕಕ್ಕೆ ಬಂದಿರಲಿಲ್ಲ ಅಷ್ಟೆ.

ಈ ಕಥೆಯನ್ನು ಈಗ ಮತ್ತೆ ಹೇಳಲು ಕಾರಣವಿದೆ. ಕೋಲಾರದಿಂದ ಶ್ರೀನಿವಾಸಪುರದ ಕಡೆ ಹೊರಟು ಹೋಳೂರು ಹೋಬಳಿಯ ಯಾವ ಊರಿನೊಳಗೆ ಹೊಕ್ಕರೂ ಕಲ್ಲು ಚಪ್ಪಡಿಯ ಹಳೇ ಮನೆಗೆ ಒತ್ತಿಕೊಂಡಂತೆ ಶೀಟು ಹೊದಿಸಿದ ಒಂದು ಕೋಣೆಯೋ ದನದ ಕೊಟ್ಟಿಗೆಯೋ ರೇಷ್ಮೆ ಹುಳು ಸಾಕುವ ಮನೆಯೋ ಕಾಣುತ್ತದೆ. ಜನ ಅದನ್ನು ಸಿಮೆಂಟ್ ಶೀಟು ಅನ್ನುತ್ತಾರೆ. ಒಳಗಿರುವುದು ಸಿಮೆಂಟಿನ ಜೊತೆ ಕಲಸಿದ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಚಿನ್ನದ ಗಣಿಯ ದೂಳಿಗೆ ಆದದ್ದೇ ಈ ನಾರಿಗೂ ಆಗುತ್ತಿದೆ ಅನ್ನುವುದು ನನ್ನ ವಾದ. ಮೊದಲು ಗಣಿಯ ಕಥೆ.

1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್‌ ಈ ಸೀಮೆಯ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ಕೇಳಿದ. ತೋರಿಸಿದವರಿಗೆ ಬಹುಮಾನ ಎಂದು ಸಾರಿದಾಗ ಹಳ್ಳಿಗರು ಗಾಡಿಗಳಲ್ಲಿ ಮಣ್ಣು ತುಂಬಿಕೊಂಡು ಬಂದು ಆತನ ಕಣ್ಣೆದುರೇ ತೊಳೆದು ಮಿನುಗುವ ಕಣಗಳನ್ನು ತೋರಿಸಿದರು. ಮಾರಿಕುಪ್ಪಂ ಬಳಿ ಜನ ಎಣ್ಣೆದೀಪ ಹಿಡಿದು ಇಕ್ಕಟ್ಟಿನ ಬಾವಿಗಳೊಳಗೆ ಇಳಿದು ಕಲ್ಲು ಒಡೆಯುತ್ತಿದ್ದುದನ್ನೂ ಆತ ಬರೆದಿಟ್ಟ. ಸುಮಾರು 70 ವರ್ಷದ ನಂತರ ಆ ಬರಹ ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೆಲ್ ಲವೆಲ್ ಕಣ್ಣಿಗೆ ಬಿತ್ತು. 1873ರಲ್ಲಿ ಅವನು ಮೈಸೂರು ಸರ್ಕಾರದಿಂದ ಹುಡುಕಾಟದ ಪರವಾನಗಿ ಪಡೆದ. ಕೈಯಲ್ಲಿದ್ದ ದುಡ್ಡು ಕರಗಿತು, ಚಿನ್ನ ಮಾತ್ರ ಲಾಭ ತರುವಷ್ಟು ಸಿಗಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಅವರ ಬಂಡವಾಳವೂ ತಳ ಕಾಣುವ ಹೊತ್ತಿಗೆ, 1883ರ ಸುಮಾರಿಗೆ, ಚಾಂಪಿಯನ್ ರೀಫ್ ಎಂದು ಮುಂದೆ ಹೆಸರಾದ ಅದಿರಿನ ಪಟ್ಟಿ ಕೈಗೆ ಸಿಕ್ಕಿತು. ಅಲ್ಲಿಂದಾಚೆಗೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್ ಎಂಬ ಐದು ಗಣಿಗಳ ವೈಭವವನ್ನು ಎಲ್ಲರೂ ಹಾಡಿದ್ದಾರೆ. 1894ರಲ್ಲಿ ಈಗಿನ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ ತಂದರು. ಆ ಕಾಲಕ್ಕೆ ಅದು ಲೋಕದ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದಾಗಿತ್ತು ಅನ್ನುವುದನ್ನು ನಾವು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ವಿದ್ಯುತ್ತಿನಿಂದ ಗಾಳಿ ಒತ್ತುವ ಯಂತ್ರಗಳೂ ಅದಿರು ಕುಟ್ಟುವ ಯಂತ್ರಗಳೂ ಬಲವಾಗಿ ಓಡಿದವು. ದೂಳು ಕೂಡ ಅದೇ ಪ್ರಮಾಣದಲ್ಲಿ ಹೆಚ್ಚಿತು. ಈ ಮಾತು ಹೆಮ್ಮೆಯ ಪಟ್ಟಿಯಲ್ಲಿ ಇರುವುದಿಲ್ಲ.

ದೂಳಿನ ಅಂದಾಜು ಸಿಗಬೇಕಾದರೆ ಒಂದು ಸಣ್ಣ ಭಾಗಾಕಾರ ಸಾಕು. 120 ವರ್ಷಗಳಲ್ಲಿ ಕೋಲಾರದ ಗಣಿಗಳಿಂದ ಬಂದ ಚಿನ್ನ ಸುಮಾರು 800 ಟನ್. ಅದಕ್ಕಾಗಿ ಮೇಲೆತ್ತಿದ ಅದಿರು ಸುಮಾರು 5.1 ಕೋಟಿ ಟನ್. ಅಂದರೆ ಒಂದು ಗ್ರಾಂ ಚಿನ್ನಕ್ಕೆ ಸರಾಸರಿ 60 ಕಿಲೋಗೂ ಹೆಚ್ಚು ಕಲ್ಲು. ಮದುವೆಯ ತಾಳಿಗೆ ಎಂಟು ಗ್ರಾಂ ಹಿಡಿದರೆ ಅರ್ಧ ಟನ್ ಕಲ್ಲನ್ನು ಕೊರೆದು, ಸಿಡಿಸಿ, ಗೋರಿ, ತೊಟ್ಟಿಗೆ ತುಂಬಿ, ಮೇಲೆತ್ತಿ, ಕೊನೆಗೆ ಹಿಟ್ಟಾಗುವವರೆಗೆ ಕುಟ್ಟಬೇಕು. ಚಿನ್ನ ಇದ್ದದ್ದು ಬೆಣಚುಕಲ್ಲಿನ ಪಟ್ಟಿಗಳಲ್ಲಿ. ಬೆಣಚುಕಲ್ಲು ಅಂದರೆ ಶುದ್ಧ ಸಿಲಿಕಾ. ಅದನ್ನು ಕೊರೆಯುವವನ ಮುಖದಿಂದ ಯಂತ್ರದ ತುದಿಗೆ ಒಂದೆರಡು ಮೊಳದ ಅಂತರವೂ ಇರುತ್ತಿರಲಿಲ್ಲ.

ಒಣಗಿದ ಬಂಡೆಯನ್ನು ಒಣದಾಗಿಯೇ ಕೊರೆಯುವ ಯಂತ್ರಕ್ಕೆ ಅಮೆರಿಕದ ಗಣಿಗಾರರು ಹೆಂಡತಿಯರನ್ನು ವಿಧವೆಯರನ್ನಾಗಿ ಮಾಡುವ ಯಂತ್ರ ಎಂದು ಹೆಸರಿಟ್ಟಿದ್ದರು. ಅದಕ್ಕೆ ಮದ್ದೂ ಬಂದಿತ್ತು. 1890ರ ದಶಕದ ಕೊನೆಗೆ ಜಾನ್ ಜಾರ್ಜ್ ಲೈನರ್ ಎಂಬಾತ ಟೊಳ್ಳು ಉಕ್ಕಿನ ಸಲಾಕೆಯ ಮೂಲಕ ನೀರು ಹಾಯಿಸಿ ದೂಳನ್ನು ರಂಧ್ರದಲ್ಲೇ ಕೆಸರು ಮಾಡುವ ಯಂತ್ರ ಕಟ್ಟಿದ್ದ. ಆದರೆ ಕೋಲಾರದಂಥ ಆಳದ ಗಣಿಗೆ ನೀರು ಅನ್ನುವುದು ಸರಳ ಉತ್ತರವಾಗಿರಲಿಲ್ಲ. ಕೆಳಕೆಳಗೆ ಹೋದಂತೆ ಬಂಡೆಯೇ ಕಾಯುತ್ತದೆ. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಕೆಳಗೆ ಇಳಿದಾಗ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅಂಥ ಕಡೆ ನೀರು ಚೆಲ್ಲಿದರೆ ಗಾಳಿಯಲ್ಲಿ ತೇವ ತುಂಬುತ್ತದೆ, ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಮನುಷ್ಯ ಕುಸಿದು ಬೀಳುತ್ತಾನೆ. ನೀರು ಹಾಕದಿದ್ದರೆ ದೂಳು. ಬಿಸಿಗೆ ಬಿದ್ದವನು ಅದೇ ದಿನ ಕಣ್ಣಿಗೆ ಕಾಣುತ್ತಾನೆ, ದೂಳಿಗೆ ಬಿದ್ದವನು ಕಾಣುವುದು 15, 20 ವರ್ಷಗಳ ಮೇಲೆ. ಯಾವ ಯಜಮಾನ ಯಾವುದರ ಬಗ್ಗೆ ಮೊದಲು ತಲೆ ಕೆಡಿಸಿಕೊಳ್ಳುತ್ತಾನೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ತಣಿಸುವ ದೊಡ್ಡ ಘಟಕಗಳು ಕೋಲಾರಕ್ಕೆ 1930ರ ದಶಕದಲ್ಲಿ ಬಂದವು. ಬಂಡೆಸಿಡಿತ, ಅಂದರೆ ರಾಕ್ ಬರ್ಸ್ಟ್, ಕೂಡ ಬಿಸಿಯಂತೆ ಅದೇ ದಿನ ಕಣ್ಣಿಗೆ ಕಾಣುವ ಅಪಾಯ. ರಾಕ್ ಬರ್ಸ್ಟ್ ಆದರೆ ಇಡೀ ಊರು ನಡುಗುತ್ತಿತ್ತು, ಮನೆಯ ಪಾತ್ರೆಗಳು ಉರುಳುತ್ತಿದ್ದವು, ಮಾರನೇ ದಿನ ಸತ್ತವರ ಹೆಸರು ಎಲ್ಲರಿಗೂ ಗೊತ್ತಾಗುತ್ತಿತ್ತು. ದೂಳು ಕೊಂದವರಿಗೆ ಅಂಥ ದಿನಾಂಕವಿಲ್ಲ.

ದೂಳು ಮಾಡುವ ಕೆಲಸ ಹೀಗಿದೆ. ಕಣ್ಣಿಗೆ ಕಾಣುವ ದೂಳನ್ನು ಮೂಗು, ಗಂಟಲು ತಡೆಯುತ್ತವೆ, ಕೆಮ್ಮಿ ಉಗುಳಬಹುದು. ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಸಣ್ಣ ಸಿಲಿಕಾ ಕಣ ಮಾತ್ರ ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಇಳಿಯುತ್ತದೆ. ಅಲ್ಲಿ ಕಾವಲಿಗಿರುವ ಜೀವಕೋಶ ಅದನ್ನು ನುಂಗುತ್ತದೆ. ಕ್ರಿಮಿಯಾದರೆ ಸಾಯುತ್ತಿತ್ತು, ಕಲ್ಲು ಸಾಯುವುದಿಲ್ಲ. ನುಂಗಿದ ಕೋಶವೇ ಸತ್ತು ಒಳಗಿನ ರಸ ಚೆಲ್ಲುತ್ತದೆ, ಸುತ್ತ ಉರಿಯೂತ ಏಳುತ್ತದೆ, ಕಣ ಹೊರಬಿದ್ದು ಮತ್ತೊಂದು ಕೋಶದ ಹೊಟ್ಟೆ ಸೇರುತ್ತದೆ. ವರ್ಷಗಟ್ಟಲೆ ಹೀಗೆ ನಡೆದಾಗ ಶ್ವಾಸಕೋಶದ ತುಂಬ ಗಟ್ಟಿ ಗಂಟುಗಳಾಗುತ್ತವೆ. ಇದೇ ಸಿಲಿಕೋಸಿಸ್. ಅದು ವಾಸಿಯಾಗುವುದಿಲ್ಲ. ಗಣಿ ಬಿಟ್ಟು ಬಂದರೂ ಬೆಳೆಯುವುದುಂಟು. ಮೇಲಾಗಿ ಸಿಲಿಕಾ ತುಂಬಿದ ಎದೆಗೆ ಕ್ಷಯ ಬಹಳ ಸುಲಭವಾಗಿ ತಗಲುತ್ತದೆ. ಗಣಿಯ ರೋಗ ಅಡಗಿ ಕೂರುವುದಕ್ಕೆ ಇದೇ ಜಾಗ. ಎಕ್ಸ್‌ರೇ ಇಲ್ಲದ ಊರಿನಲ್ಲಿ, ಕೂಲಿಯವನ ಎದೆಗೆ ಕಿವಿಯಿಟ್ಟು ಕೇಳುವ ಪುರುಸೊತ್ತಿಲ್ಲದ ಕಾಲದಲ್ಲಿ, ಅವನು ಸತ್ತದ್ದು ಕ್ಷಯದಿಂದಲೋ ನ್ಯುಮೋನಿಯಾದಿಂದಲೋ ದಮ್ಮಿನಿಂದಲೋ ಎಂದು ಬರೆದುಕೊಂಡರೆ ಮುಗಿಯಿತು. ಆ ಹೆಸರುಗಳಿಗೆ ಪರಿಹಾರ ಕೊಡಬೇಕಿಲ್ಲ. ಕ್ಷಯ ಬಡವರ ಕೇರಿಯ ರೋಗ, ಗಣಿಗೂ ಅದಕ್ಕೂ ಏನು ಸಂಬಂಧ?

ಇದೆಲ್ಲ ಆ ಕಾಲದಲ್ಲಿ ಗೊತ್ತಿರಲಿಲ್ಲ ಎಂದು ಕಂಪನಿಗಳ ಪರ ವಾದಿಸುವವರಿದ್ದಾರೆ. ಆ ವಾದ ನಿಲ್ಲುವುದಿಲ್ಲ. ಕೋಲಾರದ ಮೊದಲ ತಲೆಮಾರಿನ ನುರಿತ ಗಣಿಗಾರರಲ್ಲಿ ಬಹಳಷ್ಟು ಮಂದಿ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯವರು. ಅದೇ ಕಾರ್ನ್‌ವಾಲಿನ ಜನ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಿಗೂ ಹೋಗಿ, ಕೆಲವೇ ವರ್ಷಕ್ಕೆ ಎದೆ ಕೆಟ್ಟು, ಸಾಯುವುದಕ್ಕೆಂದು ಊರಿಗೆ ಮರಳುತ್ತಿದ್ದರು. 1902ರಲ್ಲೇ ಟ್ರಾನ್ಸ್‌ವಾಲಿನಲ್ಲಿ ಈ ಬಗ್ಗೆ ಆಯೋಗ ಕೂತಿತು. 1904ರಲ್ಲಿ ವಿಜ್ಞಾನಿ ಜೆ. ಎಸ್. ಹಾಲ್ಡೇನ್ ಮತ್ತು ಸಂಗಡಿಗರು ಕಾರ್ನ್‌ವಾಲ್ ಗಣಿಗಾರರ ಆರೋಗ್ಯದ ಬಗ್ಗೆ ವರದಿ ಕೊಟ್ಟು ಕಲ್ಲಿನ ದೂಳನ್ನೇ ಅಪರಾಧಿ ಎಂದರು. ದಕ್ಷಿಣ ಆಫ್ರಿಕದಲ್ಲಿ 1911 ಮತ್ತು 1912ರಲ್ಲಿ ಪರಿಹಾರದ ಕಾಯ್ದೆಗಳು ಬಂದವು; ಬ್ರಿಟನ್ನಿನಲ್ಲಿ 1918ರಲ್ಲಿ. 1930ರ ಆಗಸ್ಟಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜೊಹಾನೆಸ್‌ಬರ್ಗ್‌ನಲ್ಲಿ ಸಿಲಿಕೋಸಿಸ್‌ಗೆಂದೇ ಸಮ್ಮೇಳನ ನಡೆಸಿತು. ಲಂಡನ್ನಿನಲ್ಲಿ ಕೂತು ಕೋಲಾರವನ್ನು ಆಳುತ್ತಿದ್ದವರು ಈ ಸುದ್ದಿಗಳನ್ನೆಲ್ಲ ತಮ್ಮ ಬೆಳಗಿನ ಪತ್ರಿಕೆಯಲ್ಲೇ ಓದಬಹುದಿತ್ತು.

ಅದೇ 1930ರಲ್ಲಿ ಕೋಲಾರದ ಗಣಿಗಳಲ್ಲಿ ಒಂದು ಮುಷ್ಕರ ನಡೆಯಿತು. ಪ್ರತಿ ಕಾರ್ಮಿಕನೂ ಹೆಬ್ಬೆಟ್ಟಿನ ಗುರುತು ಕೊಟ್ಟು ನೋಂದಾಯಿಸಿಕೊಳ್ಳಬೇಕು ಎಂದು ಕಂಪನಿಗಳು ಹೊರಡಿಸಿದ ಆಜ್ಞೆಯ ವಿರುದ್ಧ ಸಾವಿರಾರು ಜನ ಗಣಿಗೆ ಇಳಿಯಲು ಒಪ್ಪಲಿಲ್ಲ. ಇತಿಹಾಸಕಾರ್ತಿ ಜಾನಕಿ ನಾಯರ್ ಮೈಸೂರು ಸಂಸ್ಥಾನದ ಕಾರ್ಮಿಕರ ಕುರಿತ ತಮ್ಮ ಪುಸ್ತಕದಲ್ಲಿ ಈ ಮುಷ್ಕರವನ್ನು ವಿವರವಾಗಿ ಬರೆದಿದ್ದಾರೆ. ಕೊನೆಗೆ ಹಿಂದೆ ಸರಿದದ್ದು ಕಂಪನಿಗಳೇ. ನನಗೆ ಇದರಲ್ಲಿ ಕಾಣುವುದು ಮತ್ತೊಂದು ವಿಷಯ. ಚಿನ್ನದ ಕಳ್ಳತನ ತಡೆಯಲು ಇಲ್ಲಿ ಪ್ರತ್ಯೇಕ ಕಾಯ್ದೆಯಿತ್ತು, ಕಾವಲು ಪಡೆಯಿತ್ತು, ಶಾಫ್ಟಿನಿಂದ ಹೊರಬಂದವನ ಮೈ ತಡಕುವ ಏರ್ಪಾಡಿತ್ತು. ಒಬ್ಬೊಬ್ಬ ಕೂಲಿಯವನ ಹೆಬ್ಬೆಟ್ಟಿನ ಗೆರೆಯನ್ನೂ ದಾಖಲೆಗೆ ತರುವ ಉತ್ಸಾಹವಿತ್ತು. ಬೆರಳು ಬೇಕಾಗಿತ್ತು, ಶ್ವಾಸಕೋಶ ಬೇಕಾಗಿರಲಿಲ್ಲ.

ಎಣಿಸದೆ ಇರುವುದಕ್ಕೆ ಅನುಕೂಲವೂ ಇತ್ತು. ಗಣಿಯ ಕೂಲಿಗಳಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ದಲಿತರು. ಎಷ್ಟೋ ಮಂದಿ ಗುತ್ತಿಗೆದಾರರ ಕೈಕೆಳಗಿನವರು, ಕಂಪನಿಯ ಪುಸ್ತಕದಲ್ಲಿ ಅವರ ಹೆಸರೇ ಸರಿಯಾಗಿರುತ್ತಿರಲಿಲ್ಲ. ಕೆಮ್ಮು ಹೆಚ್ಚಿ, ಏಣಿ ಹತ್ತಲಾಗದೆ, ತೂಕ ಇಳಿದವನು ಮೂಟೆ ಕಟ್ಟಿ ಹುಟ್ಟೂರಿಗೆ ಹೋಗುತ್ತಿದ್ದ. ಅಲ್ಲಿ ಸತ್ತರೆ ಸಾವು ಆ ಊರಿನ ಲೆಕ್ಕಕ್ಕೆ. ಗಣಿಯಲ್ಲಿ ಉಳಿದವರು ಗಟ್ಟಿಯಾಗಿದ್ದವರು, ಆದ್ದರಿಂದ ಗಣಿ ಆರೋಗ್ಯವಾಗಿದೆ!

ಲೆಕ್ಕ ತೆರೆದದ್ದು 1940ರಲ್ಲಿ. ಆ ವರ್ಷ ಮೈಸೂರು ಸಂಸ್ಥಾನ ಸಿಲಿಕೋಸಿಸ್ ನಿಯಮಗಳನ್ನು ತಂದು ಈ ರೋಗವನ್ನು ಪರಿಹಾರಕ್ಕೆ ಅರ್ಹವಾದ ಕಸುಬಿನ ರೋಗ ಎಂದು ಒಪ್ಪಿತು. ಸಂಸ್ಥಾನದ ಆಡಳಿತ ಮುಂದುವರಿದಿತ್ತು ಎಂದು ಹೊಗಳುವವರು ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಲಿ, ನ್ಯಾಯವೇ. ದಕ್ಷಿಣ ಆಫ್ರಿಕಕ್ಕಿಂತ ಸುಮಾರು ಮೂವತ್ತು ವರ್ಷ ತಡ ಎಂಬುದನ್ನೂ ಪಕ್ಕದಲ್ಲೇ ಬರೆದುಕೊಳ್ಳಲಿ. ಕಾನೂನು ಬಂದ ಮೇಲೆ ಎಕ್ಸ್‌ರೇ ಯಂತ್ರಕ್ಕೆ ಕೆಲಸ ಬಂತು. 1940ರಿಂದ 1946ರವರೆಗೆ 7,653 ಗಣಿಗಾರರನ್ನು ಪರೀಕ್ಷಿಸಿದರು. ಎ. ಕ್ಯಾಪ್ಲನ್ ಎಂಬ ವೈದ್ಯರು ಸಹೋದ್ಯೋಗಿಗಳೊಂದಿಗೆ 1947ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಅವರಲ್ಲಿ ಶೇ. 43.7 ಜನರಿಗೆ ಸಿಲಿಕೋಸಿಸ್ ಇತ್ತು. ಇದು ಪರೀಕ್ಷೆಗೆ ನಿಂತವರ ಲೆಕ್ಕವೇ ಹೊರತು ಗಣಿಯಲ್ಲಿದ್ದ ಎಲ್ಲರದ್ದಲ್ಲ ಎಂದು ಹೇಳುವುದು ನ್ಯಾಯ. ಆದರೆ ಊರಿಗೆ ಮರಳಿ ಸತ್ತವರು ಈ ಸಾಲಿನಲ್ಲಿ ನಿಂತಿರಲಿಲ್ಲ ಎಂದು ಸೇರಿಸುವುದೂ ನ್ಯಾಯವೇ.

ಆ ಆರು ವರ್ಷ ಕೋಲಾರದ ಗಣಿಗಳಲ್ಲಿ ಸಂಘಟನೆಯ ಕಾಲ ಕೂಡ. ಕೆ. ಎಸ್. ವಾಸನ್‌ರಂಥ ಕಮ್ಯುನಿಸ್ಟ್ ನಾಯಕರು ಕಾರ್ಮಿಕರನ್ನು ಕೂಡಿಸಿದರು. 1946ರ ನವೆಂಬರ್‌ನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಕೂಲಿ, ತುಟ್ಟಿಭತ್ಯೆ, ಅಕ್ಕಿ ಇವು ಆ ಹೋರಾಟದ ಮುಂದಿನ ಸಾಲಿನಲ್ಲಿದ್ದವು. ದೂಳು ಯಾವತ್ತೂ ಹಿಂದಿನ ಸಾಲಿನ ಬೇಡಿಕೆ. ಹಸಿದವನಿಗೆ 20 ವರ್ಷದಾಚೆಯ ಕೆಮ್ಮಿನ ಚಿಂತೆ ಮಾಡು ಎನ್ನುವುದು ಕಷ್ಟ. ಪರಿಹಾರವೂ ಸುಲಭವಾಗಿ ಕೈಸೇರುವಂಥದ್ದಾಗಿರಲಿಲ್ಲ. ವೈದ್ಯಕೀಯ ಮಂಡಳಿಯ ಮುಂದೆ ನಿಂತು, ದುಡಿಯುವ ಶಕ್ತಿ ಎಷ್ಟು ಪಾಲು ಹೋಗಿದೆ ಎಂದು ನಿರ್ಧಾರವಾಗಬೇಕು. ಉಸಿರನ್ನು ಶೇಕಡಾ ಲೆಕ್ಕದಲ್ಲಿ ಅಳೆಯುವ ಕೆಲಸ ಅದು.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. 1952ರ ಗಣಿ ಕಾಯ್ದೆ ರೋಗವನ್ನು ವರದಿ ಮಾಡುವುದನ್ನು ಕಡ್ಡಾಯ ಮಾಡಿತು. 1956ರ ನವೆಂಬರ್‌ನಲ್ಲಿ ಮೈಸೂರು ರಾಜ್ಯ ಗಣಿಗಳನ್ನು ರಾಷ್ಟ್ರೀಕರಿಸಿತು, 1962ರಲ್ಲಿ ಅವು ಕೇಂದ್ರದ ವಶಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಯಿತು. ಆರಂಭದಲ್ಲಿ ಟನ್ನಿಗೆ 47 ಗ್ರಾಂ ಚಿನ್ನ ಕೊಡುತ್ತಿದ್ದ ಅದಿರು 3 ಗ್ರಾಂಗಿಂತ ಕೆಳಗಿಳಿಯಿತು. 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿದರು. ಗಣಿ ಕಾರ್ಮಿಕರ ಆರೋಗ್ಯಕ್ಕೆಂದೇ 1990ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆ ಈ ಗಣಿಗಳ ಊರಾದ ಕೋಲಾರ ಗೋಲ್ಡ್ ಫೀಲ್ಡ್ಸ್, ಅಂದರೆ ಕೆಜಿಎಫ್‌ನಲ್ಲಿ ಪ್ರಯೋಗಾಲಯ ನಡೆಸಿತು. 2019ರಲ್ಲಿ ಆ ಸಂಸ್ಥೆಯನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯೊಳಗೆ ವಿಲೀನಗೊಳಿಸಿದರು.

ಗಣಿ ಮುಚ್ಚಿತು, ದೂಳು ಮುಚ್ಚಲಿಲ್ಲ. ಕುಟ್ಟಿ ಪುಡಿ ಮಾಡಿದ ಅದಿರನ್ನು ಸೈನೈಡ್ ನೀರಿನಲ್ಲಿ ನೆನೆಸಿ ಚಿನ್ನ ತೆಗೆದ ಮೇಲೆ ಉಳಿಯುವ ಹಿಟ್ಟನ್ನು ಊರಿನ ಪಕ್ಕದಲ್ಲೇ ಸುರಿದುಕೊಂಡು ಬಂದಿದ್ದರು. ಸೈನೈಡ್ ಗುಡ್ಡ ಎಂದು ಕರೆಯುವುದು ಅದನ್ನೇ. ಒಟ್ಟು 13 ದಿಬ್ಬಗಳು, ಸುಮಾರು 3.3 ಕೋಟಿ ಟನ್. ಹೆಸರು ಕೇಳಿ ಜನ ಹೆದರುವುದು ಸೈನೈಡಿಗೆ. ಬಿಸಿಲಿಗೂ ಗಾಳಿಗೂ ಒಡ್ಡಿಕೊಂಡ ಸೈನೈಡ್ ಬಹುಪಾಲು ಕಾಲಕ್ರಮೇಣ ಒಡೆದುಹೋಗುತ್ತದೆ. ಸಿಲಿಕಾ ಎಲ್ಲಿಗೂ ಹೋಗುವುದಿಲ್ಲ. ಮುಂಗಾರಿನ ಪಡುವಣ ಗಾಳಿ ಎದ್ದಾಗ ಬಿಳಿಚು ಹಿಟ್ಟು ಕಾಲೊನಿಗಳ ಮೇಲೆ ಇಳಿಯುತ್ತದೆ. ಕಿಟಕಿ ಮುಚ್ಚಿ, ಕುಡಿಯುವ ನೀರಿನ ಕೊಡಕ್ಕೆ ತಟ್ಟೆ ಮುಚ್ಚಿ, ಒಗೆದ ಬಟ್ಟೆಯನ್ನು ಒಳಗೆ ಎಳೆದುಕೊಳ್ಳುವುದು ಅಲ್ಲಿನ ಹೆಂಗಸರಿಗೆ ಅಭ್ಯಾಸವಾಗಿಹೋಗಿದೆ. ಗಣಿಯ ಕಾಯ್ದೆ ಗಣಿಗೆ ಇಳಿದವನನ್ನು ಎಣಿಸಿತು. ಗಣಿಗೆ ಎಂದೂ ಇಳಿಯದ ಹೆಂಡತಿ, ಮಗುವಿಗೆ ಅದರಲ್ಲಿ ಕಲಂ ಇಲ್ಲ. 2018ರಲ್ಲಿ ತೆರೆಗೆ ಬಂದು ದೇಶವನ್ನೆಲ್ಲ ಗೆದ್ದ ‘ಕೆಜಿಎಫ್’ ಚಿತ್ರದ ಸೆಟ್ಟುಗಳು ಎದ್ದದ್ದೂ ಇಂಥ ದಿಬ್ಬದ ಮೇಲೆಯೇ. ಪರದೆಯ ಮೇಲೆ ಆ ದೂಳು ಬಹಳ ಚೆನ್ನಾಗಿ ಕಂಡಿತು.

ಈಗ ಸೂರಿನ ಮಾತಿಗೆ ಬರೋಣ.

ನಮ್ಮ ಜಿಲ್ಲೆಗೆ ಸೂರಿನ ಕೊರತೆಯಿರಲಿಲ್ಲ. ಬಂಡೆಯ ನಾಡು ಇದು. ಕಲ್ಲು ಕುಟಿಗರು ಬೆಂಕಿ ಹಾಕಿ ಕಾಯಿಸಿ ಎಬ್ಬಿಸಿದ ಚಪ್ಪಡಿಗಳೇ ಗೋಡೆ, ಚಪ್ಪಡಿಗಳೇ ಮಾಳಿಗೆ. ಕುಂಬಾರರ ನಾಡಹೆಂಚಿತ್ತು. ಮಾಲೂರಿನ ಮಣ್ಣು ಹೆಂಚಿಗೂ ಇಟ್ಟಿಗೆಗೂ ಹೆಸರಾದದ್ದು. ಆದರೆ ಹೆಂಚಿಗೆ ಮರದ ತೊಲೆ, ರೀಪು ಬೇಕು. ವರ್ಷಕ್ಕೊಮ್ಮೆ ಕೈಯಾಡಿಸಿ ಒಡೆದದ್ದನ್ನು ಬದಲಿಸಬೇಕು. ಕೋತಿಯ ಕಾಟ ಬೇರೆ. ಶೀಟಾದರೆ ನಾಲ್ಕು ಕಬ್ಬಿಣದ ಪೈಪಿನ ಮೇಲೆ ಒಂದೇ ದಿನದಲ್ಲಿ ಮನೆ ಮುಚ್ಚುತ್ತದೆ. ತಗಡಿನಷ್ಟು ಕಾಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಬಡವನಿಗೆ ಅದು ಒಳ್ಳೆಯ ಸರಕಾಗಿಯೇ ಬಂತು, ಇದನ್ನು ಮರೆತು ಶೀಟು ಹಾಕಿದವರನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಸಿಮೆಂಟಿಗೆ ಕಲ್ನಾರು ಬೆರೆಸಿ ಹಾಳೆ ಮಾಡುವ ವಿಧಾನಕ್ಕೆ ಆಸ್ಟ್ರಿಯಾದ ಲುಡ್ವಿಗ್ ಹಾಟ್ಷೆಕ್ 1901ರಲ್ಲಿ ಪೇಟೆಂಟ್ ಪಡೆದ. ಭಾರತದಲ್ಲಿ ಇದರ ಕಾರ್ಖಾನೆ 1934ರಲ್ಲಿ ಮಧ್ಯಭಾರತದ ಕೈಮೋರ್‌ನಲ್ಲಿ ಶುರುವಾಯಿತು. ಬಂಡವಾಳ ಹೂಡಿದವರಲ್ಲಿ ಬ್ರಿಟನ್ನಿನ ಟರ್ನರ್ ಅಂಡ್ ನ್ಯೂವಾಲ್ ಕಂಪನಿ ಮುಖ್ಯವಾದದ್ದು. ಈ ಹೆಸರನ್ನು ಗುರುತಿಟ್ಟುಕೊಳ್ಳಿ. ಅದಕ್ಕೆ ಹತ್ತು ವರ್ಷ ಮೊದಲು, 1924ರ ಮಾರ್ಚ್‌ನಲ್ಲಿ, ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ ನೆಲ್ಲಿ ಕರ್ಷಾ ಎಂಬ 33 ವರ್ಷದ ಹೆಣ್ಣುಮಗಳು ತೀರಿಕೊಂಡಳು. ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದವಳು. ಆ ಕಾರ್ಖಾನೆ ಆ ಹೊತ್ತಿಗಾಗಲೇ ಟರ್ನರ್ ಅಂಡ್ ನ್ಯೂವಾಲ್ ಕೂಟದ ಭಾಗವಾಗಿತ್ತು. ಅವಳಿಗೆ ಬಂದದ್ದು ಕಲ್ನಾರಿನ ವಿಷ ಎಂದು ಸ್ಥಳೀಯ ವೈದ್ಯ ಬರೆದುಕೊಟ್ಟ. ಅಂಥ ರೋಗ ಕಾನೂನಿನ ಪಟ್ಟಿಯಲ್ಲಿಲ್ಲ ಎಂದು ಕಂಪನಿ ಒಂದು ಕಾಸೂ ಕೊಡಲಿಲ್ಲ. ವಿಲಿಯಂ ಕುಕ್ ಎಂಬ ವೈದ್ಯ ಅವಳ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನಾರುಗಳನ್ನು ಗುರುತಿಸಿ ಪ್ರಕಟಿಸಿದರು. 1930ರಲ್ಲಿ ಮೆರ್‌ವೆದರ್ ಮತ್ತು ಪ್ರೈಸ್ ಎಂಬ ಇಬ್ಬರು ಸರ್ಕಾರಿ ಪರಿವೀಕ್ಷಕರು ಕಲ್ನಾರಿನ ಕಾರ್ಖಾನೆಗಳ ಕೆಲಸಗಾರರನ್ನು ಪರೀಕ್ಷಿಸಿ ವರದಿ ಕೊಟ್ಟರು, ಮರುವರ್ಷ ಬ್ರಿಟನ್ನಿನಲ್ಲಿ ನಿಯಮಗಳು ಬಂದವು. ನಿಯಮ ಬಂದ ಮೂರು ವರ್ಷಕ್ಕೆ ಭಾರತದಲ್ಲಿ ಕಾರ್ಖಾನೆ ತೆರೆಯಿತು. ಇಲ್ಲಿಯೂ ಎಲ್ಲವೂ ಗೊತ್ತಿದ್ದೇ ನಡೆಯಿತು.

ಕಾರ್ಖಾನೆಯ ಕೆಲಸಗಾರನಿಗೆ ಮಾತ್ರ ಅಪಾಯ ಎಂಬ ಸಮಾಧಾನ 1960ರವರೆಗೆ ಉಳಿದಿತ್ತು. ಆ ವರ್ಷ ದಕ್ಷಿಣ ಆಫ್ರಿಕದ ಜೆ. ಸಿ. ವ್ಯಾಗ್ನರ್ ಮತ್ತು ಸಂಗಡಿಗರು ಮೀಸೋಥೀಲಿಯೋಮ ಎಂಬ ಅಪರೂಪದ ಕ್ಯಾನ್ಸರಿನ 33 ಪ್ರಕರಣಗಳನ್ನು ಪ್ರಕಟಿಸಿದರು. ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್ ಅದು. ರೋಗಿಗಳಲ್ಲಿ ಗಣಿಯಲ್ಲಿ ದುಡಿದವರಿದ್ದರು. ಗಣಿಯ ಹತ್ತಿರ ಬಾಲ್ಯ ಕಳೆದು, ಆಮೇಲೆ ಎಲ್ಲೆಲ್ಲೋ ಹೋಗಿ ಬದುಕಿದವರೂ ಇದ್ದರು. ಕೇಪ್ ಪ್ರಾಂತದ ನೀಲಿ ಕಲ್ನಾರಿನ ದೂಳಲ್ಲಿ ಆಡಿದ ಮಗುವಿಗೆ ನಲವತ್ತು ವರ್ಷದ ನಂತರ ಅದು ಫಲ ಕೊಟ್ಟಿತ್ತು. ಶೀಟುಗಳಲ್ಲಿರುವುದು ಹೆಚ್ಚಾಗಿ ಬಿಳಿ ಕಲ್ನಾರು, ನೀಲಿಯಷ್ಟು ಕ್ರೂರವಲ್ಲ ಎಂಬುದು ನಿಜ. ಆದರೂ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತೀರ್ಮಾನ. ಬೀಡಿ ಸಿಗರೇಟಿನ ಜೊತೆ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು. ಸಿಲಿಕಾವನ್ನೂ ಅದೇ ಸಂಸ್ಥೆ 1997ರಲ್ಲಿ ಅದೇ ಮೊದಲ ಗುಂಪಿಗೆ ಸೇರಿಸಿತು.

ಹಾಗೆಂದು ಶೀಟಿನ ಕೆಳಗೆ ಮಲಗಿದವರೆಲ್ಲ ರೋಗಿಗಳಾಗುತ್ತಾರೆ ಎಂದು ಹೆದರಿಸುವುದು ಸುಳ್ಳು. ಗಟ್ಟಿಯಾಗಿರುವ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಬಂಧಿಯಾಗಿರುತ್ತದೆ. ಅದು ಬಿಡುಗಡೆಯಾಗುವುದು ಕೊಯ್ದಾಗ, ಕೊರೆದಾಗ, ಒಡೆದಾಗ, ಇಪ್ಪತ್ತು ಮೂವತ್ತು ವರ್ಷದ ಬಿಸಿಲು ಮಳೆಗೆ ಮೇಲ್ಮೈ ಸವೆದು ಪುಡಿ ಉದುರುವಾಗ. ಅಪಾಯದ ದೊಡ್ಡ ಪಾಲು ಹೊರುವವನು ಮಾಳಿಗೆ ಹತ್ತಿ ಗರಗಸ ಓಡಿಸುವ ಕೂಲಿಯವನು, ಮೂಗಿಗೆ ಟವಲು ಕಟ್ಟಿಕೊಂಡು ಹಳೇ ಶೀಟು ಇಳಿಸಿ ಎಸೆಯುವವನು. ಟವಲಿನ ನೇಯ್ಗೆಯೊಳಗೆ ಕಲ್ನಾರಿನ ಎಳೆ ಸರಾಗವಾಗಿ ನುಸುಳುತ್ತದೆ. ನಂತರ ಚೂರುಗಳು ದಾರಿಯ ಗುಂಡಿಗೋ ಅಂಗಳಕ್ಕೋ ಬೀಳುತ್ತವೆ, ಟ್ರ್ಯಾಕ್ಟರ್ ಅವುಗಳ ಮೇಲೆ ಹರಿಯುತ್ತದೆ. ಗಣಿಯ ಕುಟ್ಟುವ ಯಂತ್ರ ಮಾಡುತ್ತಿದ್ದ ಕೆಲಸವನ್ನು ಈಗ ಚಕ್ರ ಮಾಡುತ್ತದೆ.

ಕಾನೂನು? ಹೊಳೆನರಸೀಪುರದ ಸುತ್ತ, ನೆರೆ ರಾಜ್ಯದ ಕಡಪ ಜಿಲ್ಲೆಯ ಪುಲಿವೆಂದುಲದಲ್ಲಿ, ರಾಜಸ್ಥಾನದಲ್ಲಿ ಒಂದು ಕಾಲಕ್ಕೆ ಕಲ್ನಾರು ಅಗೆಯುತ್ತಿದ್ದರು. 1986ರಿಂದ ಹೊಸ ಗಣಿ ಗುತ್ತಿಗೆ ಕೊಡುವುದು ನಿಂತಿತು, 1993ರಿಂದ ನವೀಕರಣವೂ. ಅಗೆಯಲು ಅಪಾಯ ಎಂದಾದ ವಸ್ತುವನ್ನು ತರಿಸಿಕೊಳ್ಳಲು ಅಡ್ಡಿಯಿಲ್ಲ. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಕಲ್ನಾರು ಆಮದು ಮಾಡಿಕೊಳ್ಳುವ ದೇಶ ನಮ್ಮದು, ಬಹುಪಾಲು ರಷ್ಯಾದಂಥ ಕಡೆಗಳಿಂದ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು ಕೊಟ್ಟಿತು: ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ, ಕಲ್ನಾರಿನ ಕಾರ್ಖಾನೆಗಳು ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಕಾಪಾಡಬೇಕು ಎಂದಿತು. 40 ವರ್ಷ ಎಂಬ ಅಂಕಿಯಲ್ಲೇ ರೋಗದ ಸ್ವಭಾವವಿದೆ. 2011ರಲ್ಲಿ ಪೂರ್ತಿ ನಿಷೇಧ ಕೋರಿದ ಅರ್ಜಿಯನ್ನು ಅದೇ ನ್ಯಾಯಾಲಯ ವಜಾ ಮಾಡಿತು. ಯುರೋಪಿನ ಒಕ್ಕೂಟ 2005ಕ್ಕೆ, ಆಸ್ಟ್ರೇಲಿಯಾ 2003ರ ಕೊನೆಗೆ ನಿಷೇಧಿಸಿದ್ದನ್ನು ನಾವು ಮಾಡಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಒಂದು ಸಣ್ಣ ಕಲಂ. 2011ರ ಜನಗಣತಿಯಲ್ಲಿ ಪ್ರತಿ ಮನೆಯ ಸೂರು ಯಾವುದರದ್ದು ಎಂದು ಕೇಳಿ ಬರೆದುಕೊಂಡರು. ಹುಲ್ಲಿಗೆ ಒಂದು ಸಂಖ್ಯೆ, ಕೈಹೆಂಚಿಗೆ ಒಂದು, ಯಂತ್ರದ ಹೆಂಚಿಗೆ ಒಂದು, ಕಲ್ಲಿಗೆ ಒಂದು. ತಗಡು ಮತ್ತು ಕಲ್ನಾರಿಗೆ ಮಾತ್ರ ಸೇರಿಸಿ ಒಂದೇ. ದೇಶದಲ್ಲಿ ಸುಮಾರು ಶೇ. 16 ಮನೆಗಳು ಆ ಕಲಮಿನೊಳಗಿವೆ. ಅವುಗಳಲ್ಲಿ ನಿರಪಾಯದ ತಗಡೆಷ್ಟು, ಕ್ಯಾನ್ಸರ್ ತರಬಲ್ಲ ನಾರೆಷ್ಟು ಎಂದು ಆ ಪಟ್ಟಿಯಿಂದ ಹೇಳಲಾಗುವುದಿಲ್ಲ. 1940ಕ್ಕೆ ಮೊದಲು ಕೋಲಾರದ ಗಣಿಗಾರನ ಸಾವನ್ನು ಕ್ಷಯದ ಕಲಮಿಗೆ ಹಾಕಿ ಮುಗಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ಕಡಿಮೆ.

ದೂಳಿನ ಕಸುಬುಗಳು ಜಿಲ್ಲೆಯಿಂದ ಹೋಗಿಲ್ಲ. ಜಲ್ಲಿ ಕ್ರಷರುಗಳಿವೆ, ಗ್ರಾನೈಟ್ ಕ್ವಾರಿಗಳಿವೆ, ಶಿವಾರಪಟ್ಟಣದ ಶಿಲ್ಪಿಗಳು ಉಳಿ ಸುತ್ತಿಗೆಯ ಜೊತೆ ಈಗ ವಿದ್ಯುತ್ ಕಟ್ಟರ್ ಹಿಡಿಯುತ್ತಾರೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೆಜಿಎಫ್‌ನ 13 ದಿಬ್ಬಗಳನ್ನು, ಒಟ್ಟು ಸುಮಾರು 1,003 ಎಕರೆಯಲ್ಲಿ, ಮತ್ತೆ ಕೆದಕಿ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿದೆ. ಕೆಲಸ ಬೇಕೆನ್ನುವ ಕೆಜಿಎಫ್‌ನ ಜನರ ಆಸೆ ಸಹಜವಾದದ್ದು. 3.3 ಕೋಟಿ ಟನ್ ಸಿಲಿಕಾ ಹಿಟ್ಟನ್ನು ಅಲುಗಾಡಿಸುವ ಮುನ್ನ ಗಾಳಿಯ ದೂಳನ್ನು ಅಳೆಯುವ ಯಂತ್ರವನ್ನೂ ಕಾಲೊನಿಯ ಜನರ ಎದೆಯ ಎಕ್ಸ್‌ರೇಯನ್ನೂ ಷರತ್ತಾಗಿ ಇಡಬೇಕು. ಕೆಲಸ ಶುರುವಾದ ಮೇಲೆ ಮಾಡಿದ ಎಕ್ಸ್‌ರೇ ಯಾರದ್ದೂ ತಪ್ಪನ್ನು ಸಾಬೀತು ಮಾಡುವುದಿಲ್ಲ.

ಮನೆಯ ಶೀಟನ್ನು ಈ ವರ್ಷ ಬದಲಿಸಬೇಕೆಂದಿರುವವರಲ್ಲಿ ಒಂದು ವಿನಂತಿ. ಇಳಿಸುವ ಮುನ್ನ ಚೆನ್ನಾಗಿ ನೀರು ಹಾಯಿಸಿ ಒದ್ದೆ ಮಾಡಿಸಿ. ಮೊಳೆ ಕಿತ್ತು ಇಡೀ ಶೀಟನ್ನೇ ಇಳಿಸಲಿ, ಒಡೆದು ಬೀಳಿಸುವುದು ಬೇಡ. ಮಕ್ಕಳನ್ನು ಆ ದಿನ ಬೇರೆ ಮನೆಗೆ ಕಳಿಸಿ. ಮಾಳಿಗೆ ಹತ್ತಿದ ಕೂಲಿಯವರಿಗೆ ಟವಲಿನ ಬದಲು ಸರಿಯಾದ ಮಾಸ್ಕ್ ನೀವೇ ತಂದುಕೊಡಿ. ಚೂರುಗಳನ್ನು ಒಣಗಲು ಬಿಟ್ಟು ಗುಡಿಸಬೇಡಿ, ಒದ್ದೆಯಿರುವಾಗಲೇ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಿ, ದಾರಿಯ ಗುಂಡಿ ಮುಚ್ಚಲು ಬಳಸಬೇಡಿ. ಹೊಸದಾಗಿ ಹಾಕುವವರು ಅಂಗಡಿಯಲ್ಲಿ ಕಲ್ನಾರಿಲ್ಲದ ಶೀಟು ಕೇಳಿ, ಇಲ್ಲವೇ ತಗಡನ್ನೋ ಮಾಲೂರಿನ ಹೆಂಚನ್ನೋ ಹಾಕಿಸಿ. ಮನೆಯ ಹಿರಿಯರು ಗಣಿಯಲ್ಲೋ ಕ್ವಾರಿಯಲ್ಲೋ ದುಡಿದವರಾಗಿದ್ದು ಕೆಮ್ಮು ಬಿಡದಿದ್ದರೆ, ಏನು ಕೆಲಸ, ಎಷ್ಟು ವರ್ಷ ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.